ಬೈಕ್ ಸವಾರಿಯ ಒಲವನ್ನು ಬದುಕಿನುದ್ದಕ್ಕೂ ಉಳಿಸಿಕೊಳ್ಳುವ ಬಗೆ

ಬೈಕಿನ ಹುಚ್ಚು ಹತ್ತುವುದು ಸುಲಭ, ಇಳಿಯುವುದೂ ಅಷ್ಟೇ ಸುಲಭ. ಹದಿನೆಂಟರ ವಯಸ್ಸಿನಲ್ಲಿ ಗಾಡಿಯೇ ಜೀವ ಎನ್ನುತ್ತಿದ್ದ ನನ್ನ ಗೆಳೆಯರಲ್ಲಿ ಹಲವರ ಬೈಕುಗಳು ಮೂವತ್ತು ತುಂಬುವ ಮೊದಲೇ ಹೊದಿಕೆ ಹೊದ್ದು ಮೂಲೆ ಸೇರಿದವು. ಇನ್ನು ಕೆಲವರು ಅರವತ್ತು ದಾಟಿದ ಮೇಲೂ ಬೆಳಗಾಗುವ ಮುನ್ನ ಎದ್ದು ಹೆಲ್ಮೆಟ್ ಹುಡುಕುತ್ತಾರೆ. ಮೂವತ್ತು ವರ್ಷ ಗಾಡಿ ಓಡಿಸಿದ ಮೇಲೆ ಈ ಎರಡು ಬಗೆಯವರ ನಡುವಿನ ವ್ಯತ್ಯಾಸ ನನಗೆ ತಕ್ಕಮಟ್ಟಿಗೆ ತಿಳಿದಿದೆ ಎಂದುಕೊಂಡಿದ್ದೇನೆ. ಮೊದಲನೆಯವರಿಗೆ ಬೇಕಿದ್ದದ್ದು ವೇಗ, ಅದು ಎರಡು ಮೂರು ವರ್ಷಗಳಲ್ಲಿ ಹಳತಾಯಿತು. ಎರಡನೆಯವರು ಗಾಡಿ ಓಡಿಸುವ ಕೆಲಸವನ್ನೇ ಮೆಚ್ಚಿಕೊಂಡರು, ಆ ಕೆಲಸದಲ್ಲಿ ಅವರಿಗೆ ಕಲಿಯುವುದು ಇನ್ನೂ ಮುಗಿದಿಲ್ಲ. ಒಲವನ್ನು ಬೆಳೆಸಬೇಕೆನ್ನುವವರು ಮಾಡಬೇಕಾದ ಕೆಲಸಗಳು ಬಹುಮಟ್ಟಿಗೆ ಈ ಒಂದು ವ್ಯತ್ಯಾಸದಿಂದಲೇ ಹುಟ್ಟುತ್ತವೆ.

ಈ ಒಲವು ಸಾಮಾನ್ಯವಾಗಿ ಮೊಳೆಯುವುದು ಬೇರೆಯವರ ಗಾಡಿಯ ಹಿಂದಿನ ಸೀಟಿನಲ್ಲಿ. ನನಗೆ ಅದು ಸೋದರಮಾವನ ಬೈಕಿನಲ್ಲಿ ಆಯಿತು. ಓಡುವಾಗಿನ ಗಾಳಿಗಿಂತಲೂ ನನಗೆ ನೆನಪಿರುವುದು ಮನೆ ಮುಟ್ಟಿ ಎಂಜಿನ್ ಆರಿಸಿದ ಮೇಲಿನ ಹೊತ್ತು. ಬಿಸಿಯಾಗಿದ್ದ ಸೈಲೆನ್ಸರ್ ತಣಿಯುತ್ತ, ಲೋಹ ಕುಗ್ಗುತ್ತ, ಟಿಕ್ ಟಿಕ್ ಎಂದು ಸದ್ದು ಮಾಡುತ್ತಿತ್ತು, ನಾನು ಪಕ್ಕದಲ್ಲಿ ಕುಳಿತು ಅದು ಪೂರ್ತಿ ನಿಲ್ಲುವವರೆಗೂ ಕೇಳುತ್ತಿದ್ದೆ. ನಿಮ್ಮ ಮನೆಯಲ್ಲೂ ಇಂಥ ಆಸೆ ಹೊತ್ತ ಮಗುವಿದ್ದರೆ ಅದರ ಪಾದಗಳು ಹಿಂದಿನ ಫುಟ್‌ರೆಸ್ಟಿಗೆ ಗಟ್ಟಿಯಾಗಿ ನಿಲುಕುವವರೆಗೆ ಕಾಯಿರಿ, ತಲೆಯ ಅಳತೆಗೆ ಸರಿಹೊಂದುವ ಹೆಲ್ಮೆಟ್ ಕೊಡಿಸಿ, ಆಮೇಲಷ್ಟೇ ಹಿಂದೆ ಕೂರಿಸಿಕೊಳ್ಳಿ. ಪೆಟ್ರೋಲ್ ಟ್ಯಾಂಕಿನ ಮೇಲೆ ಮಗುವನ್ನು ಕೂರಿಸುವುದು ಮುದ್ದಾಗಿ ಕಂಡರೂ, ಬ್ರೇಕ್ ಹಿಡಿದ ಕ್ಷಣ ಅದು ಹ್ಯಾಂಡಲ್ಲಿಗೆ ಎಸೆಯಲ್ಪಡುತ್ತದೆ.

ಮೊದಲ ಗಾಡಿ ಸಣ್ಣದಿರಲಿ

1885ರಲ್ಲಿ ಜರ್ಮನಿಯ ಗಾಟ್‌ಲೀಬ್ ಡೈಮ್ಲರ್ ಮತ್ತು ವಿಲ್ಹೆಲ್ಮ್ ಮೈಬಾಕ್ ಸೇರಿ ತಯಾರಿಸಿದ ಪೆಟ್ರೋಲ್ ಎಂಜಿನ್ನಿನ ದ್ವಿಚಕ್ರವಾಹನಕ್ಕೆ ಮರದ ಚೌಕಟ್ಟಿತ್ತು, ಬೀಳದಂತೆ ಅಕ್ಕಪಕ್ಕದಲ್ಲಿ ಎರಡು ಪುಟ್ಟ ಚಕ್ರಗಳಿದ್ದವು, ಎಂಜಿನ್ನಿನ ಬಲ ಅರ್ಧ ಅಶ್ವಶಕ್ತಿಯಷ್ಟು. ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 12 ಕಿಲೋಮೀಟರ್, ಎಂದರೆ ಚುರುಕಾಗಿ ಓಡುವ ಮನುಷ್ಯ ಅದರ ಜೊತೆಗೇ ಸಾಗಬಹುದಿತ್ತು. 1958ರಲ್ಲಿ ಹೊರಬಂದ ಹೋಂಡಾ ಸೂಪರ್ ಕಬ್ ಕೂಡ ಕ್ಲಚ್ ಹಿಡಿಯ ಅಗತ್ಯವೇ ಇಲ್ಲದ ಪುಟ್ಟ ಗಾಡಿ, ಆದರೆ 2017ರ ಹೊತ್ತಿಗೆ ಅದರ ತಯಾರಿಕೆ 10 ಕೋಟಿ ಮುಟ್ಟಿತು. ಇಷ್ಟು ಜನ ಸಣ್ಣ ಎಂಜಿನ್ನಿನ ಮೇಲೆ ಸುಖವಾಗಿ ತಿರುಗಾಡಿದ್ದಾರೆ ಎಂಬುದನ್ನು, ಮೊದಲ ಗಾಡಿಯೇ ದೊಡ್ಡದಾಗಬೇಕೆಂದು ಹಟ ಹಿಡಿದವರು ಒಮ್ಮೆ ನೆನೆಯಬೇಕು.

ನನ್ನ ಸಲಹೆ ಹೀಗಿದೆ. ಸೀಟಿನ ಮೇಲೆ ಕುಳಿತಾಗ ಎರಡೂ ಪಾದಗಳು ನೆಲಕ್ಕೆ ಚೆನ್ನಾಗಿ ಊರಬೇಕು, ಎಂಜಿನ್ ಆರಿದ ಗಾಡಿಯನ್ನು ಒಬ್ಬರೇ ಹಿಂದಕ್ಕೆ ತಳ್ಳಲು ಆಗಬೇಕು, ಮಗುಚಿದರೆ ಒಬ್ಬರೇ ಎತ್ತಿ ನಿಲ್ಲಿಸಲು ಆಗಬೇಕು. ಈ ಮೂರು ಸಾಧ್ಯವಿಲ್ಲದ ಗಾಡಿ ಎಷ್ಟೇ ಚೆಂದವಿದ್ದರೂ ಮೊದಲ ವರ್ಷಕ್ಕೆ ಹೇಳಿಸಿದ್ದಲ್ಲ. ಭಾರಕ್ಕೆ ಅಂಜುತ್ತ ಕಲಿತವರಿಗೆ ಗಾಡಿ ಹೊರತೆಗೆಯುವುದೇ ಒಂದು ಹೊರೆಯಾಗುತ್ತದೆ, ಒಲವು ಅಲ್ಲಿಗೇ ಸೊರಗುತ್ತದೆ.

ನಿಧಾನವಾಗಿ ಓಡಿಸುವುದನ್ನು ಮೊದಲು ಕಲಿಯಿರಿ

ನೇರ ರಸ್ತೆಯಲ್ಲಿ ಗಾಡಿಯನ್ನು ವೇಗವಾಗಿ ಓಡಿಸಲು ಹೆಚ್ಚೇನೂ ಗೊತ್ತಿರಬೇಕಾಗಿಲ್ಲ. ಚಕ್ರಗಳು ಜೋರಾಗಿ ಉರುಳುತ್ತಿದ್ದರೆ ಗಾಡಿ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ. ನಡಿಗೆಯ ವೇಗಕ್ಕೆ ಇಳಿದಾಗಲೇ ಸವಾರನ ಕೈಕಾಲುಗಳಿಗೆ ನಿಜವಾದ ಕೆಲಸ ಬೀಳುವುದು. ಆದ್ದರಿಂದ ಕಲಿಕೆಯನ್ನು ಅಲ್ಲಿಂದಲೇ ಆರಂಭಿಸಬೇಕು.

ವಾಹನಗಳ ಓಡಾಟವಿಲ್ಲದ ಸಮತಟ್ಟಾದ ಜಾಗಕ್ಕೆ ಹೋಗಿ, ಎಂಜಿನ್ ಚಾಲೂ ಮಾಡಿ, ಕ್ಲಚ್ ಹಿಡಿದು ಮೊದಲ ಗೇರ್ ಹಾಕಿ. ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಹಿಡಿಯನ್ನು ಕೂದಲೆಳೆಯಷ್ಟೇ ಸಡಿಲಿಸುತ್ತ ಬಂದರೆ ಒಂದು ಹಂತದಲ್ಲಿ ಎಂಜಿನ್ನಿನ ಸದ್ದು ತುಸು ತಗ್ಗುತ್ತದೆ, ಗಾಡಿಯ ಮೂತಿ ಮುಂದಕ್ಕೆ ಹೊರಡಲು ತವಕಿಸುತ್ತದೆ. ಅಲ್ಲಿಯೇ ನಿಲ್ಲಿಸಿ, ಮತ್ತೆ ಹಿಡಿಯನ್ನು ಪೂರ್ತಿ ಒತ್ತಿ. ಇದನ್ನು ಐವತ್ತು ಬಾರಿ ಮಾಡಿದರೆ ಆ ಹಂತ ಎಲ್ಲಿದೆ ಎಂದು ನೆನಪಿಟ್ಟುಕೊಳ್ಳುವ ಅಗತ್ಯ ಬೀಳುವುದಿಲ್ಲ, ಎಡಗೈ ಬೆರಳುಗಳಿಗೇ ಗೊತ್ತಾಗಿರುತ್ತದೆ. ಅನಂತರ ಹದಿನೈದು ಮೀಟರಿನಷ್ಟು ದೂರವನ್ನು ಕಾಲು ನೆಲಕ್ಕಿಡದೆ ಎಷ್ಟು ನಿಧಾನವಾಗಿ ಸಾಧ್ಯವೋ ಅಷ್ಟು ನಿಧಾನವಾಗಿ ಸಾಗಿ. ಹಾಫ್ ಕ್ಲಚ್ಚಿನಲ್ಲಿ, ಎಂದರೆ ಕ್ಲಚ್ ಹಿಡಿಯನ್ನು ಆ ಹಂತದಲ್ಲಿಯೇ ಇಟ್ಟು, ಗಾಡಿಯನ್ನು ಎಳೆಸುತ್ತ, ಬಲಗಾಲಿನಿಂದ ಹಿಂದಿನ ಬ್ರೇಕನ್ನು ಮೆಲ್ಲಗೆ ಒತ್ತಿಟ್ಟುಕೊಂಡರೆ ಗಾಡಿ ಓಲಾಡದೆ ಸಾಗುತ್ತದೆ. ಮುಂದಿನ ಬ್ರೇಕನ್ನು ಈ ವೇಗದಲ್ಲಿ, ಅದೂ ಹ್ಯಾಂಡಲ್ ತಿರುಗಿರುವಾಗ, ಹಿಡಿದರೆ ನೆಲಕ್ಕೆ ಬಿದ್ದಂತೆಯೇ. ಕೊನೆಗೆ ಎರಡು ನೀರಿನ ಬಾಟಲಿಗಳನ್ನು ಹತ್ತು ಹೆಜ್ಜೆಗಳ ಅಂತರದಲ್ಲಿಟ್ಟು ಅವುಗಳ ಸುತ್ತ ಎಂಟರ ಆಕಾರದಲ್ಲಿ ತಿರುಗಿ. ಪ್ರತಿ ಸುತ್ತಿನಲ್ಲೂ ಕಣ್ಣು ಮುಂದಿನ ಬಾಟಲಿಯ ಆಚೆ ಇರಲಿ, ಮುಂದಿನ ಚಕ್ರದ ಮೇಲೆ ಬೇಡ. ನಡುನಡುವೆ ಗಾಡಿಗೆ ಐದು ನಿಮಿಷ ಬಿಡುವು ಕೊಡಿ, ಕ್ಲಚ್ ಬಿಸಿಯಾಗಿರುತ್ತದೆ.

ಈ ಎಂಟರ ಸುತ್ತನ್ನು ನಾನು ಇಂದಿಗೂ ತಿಂಗಳಿಗೊಮ್ಮೆ ಹಾಕುತ್ತೇನೆ. ಒಂದು ದಿನ ಎಡಕ್ಕೆ ತಿರುಗುವುದು ಬೆಣ್ಣೆಯಲ್ಲಿ ಕೂದಲು ತೆಗೆದಂತೆ ನಡೆಯುತ್ತದೆ, ಬಲಕ್ಕೆ ಮಾತ್ರ ತೊಡಕು. ಮುಂದಿನ ತಿಂಗಳು ಅದು ಅದಲುಬದಲು. ಯಾಕೆ ಎಂದು ಹುಡುಕುತ್ತ ಹೋದರೆ ಭುಜ ಬಿಗಿಯಾಗಿರುವುದು, ಕತ್ತು ಸಾಕಷ್ಟು ತಿರುಗದಿರುವುದು, ಹೀಗೆ ಏನಾದರೊಂದು ಸಿಗುತ್ತದೆ. ನೋಡುವವರಿಗೆ ಹುಚ್ಚಾಟದಂತೆ ಕಾಣುತ್ತದೆ ಎಂಬುದೂ ನಿಜ.

ತಿರುವು ಮತ್ತು ಕಣ್ಣು

ಬೈಕ್ ತಿರುಗುವುದು ಹೇಗೆ ಎಂದು ಕೇಳಿದರೆ ವರ್ಷಗಟ್ಟಲೆ ಓಡಿಸಿದವರೂ ತಪ್ಪು ಉತ್ತರ ಕೊಡುತ್ತಾರೆ. ವಿಮಾನ ಹಾರಿಸುವ ಮೊದಲು ಸೈಕಲ್ ವ್ಯಾಪಾರ ನಡೆಸಿದ್ದ ವಿಲ್ಬರ್ ರೈಟ್ ಕೂಡ ಸೈಕಲ್ ಸವಾರರಲ್ಲಿ ಇದನ್ನೇ ಗಮನಿಸಿದ್ದ. ತುಸು ವೇಗ ಬಂದ ಮೇಲೆ ಎಡಕ್ಕೆ ಹೋಗಬೇಕಾದರೆ ಹ್ಯಾಂಡಲ್ಲಿನ ಎಡಹಿಡಿಯನ್ನು ಮುಂದಕ್ಕೆ ತಳ್ಳಬೇಕು. ಆಗ ಮುಂದಿನ ಚಕ್ರ ಕ್ಷಣಕಾಲ ಬಲಕ್ಕೆ ಹೊರಳುತ್ತದೆ, ಗಾಡಿ ಎಡಕ್ಕೆ ವಾಲುತ್ತದೆ, ವಾಲಿದ ಕಡೆಗೆ ತಿರುಗುತ್ತದೆ. ಎಲ್ಲರ ಕೈಗಳೂ ಇದನ್ನು ಅರಿವಿಲ್ಲದೆಯೇ ಮಾಡುತ್ತಿರುತ್ತವೆ. ಆದರೆ ಗೊತ್ತಿದ್ದು ಮಾಡುವುದಕ್ಕೂ ಗೊತ್ತಿಲ್ಲದೆ ಮಾಡುವುದಕ್ಕೂ ಬಹಳ ಅಂತರವಿದೆ, ಏಕೆಂದರೆ ಎದುರಿಗೆ ಹಠಾತ್ತನೆ ಹೊಂಡ ಬಂದಾಗ ಗೊತ್ತಿದ್ದವರ ಕೈ ಮಾತ್ರ ಸರಿಯಾದ ಕಡೆ ಒತ್ತುತ್ತದೆ. ಖಾಲಿಯಿರುವ ನೇರ ರಸ್ತೆಯಲ್ಲಿ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಎಡಹಿಡಿಯನ್ನು ಅಂಗೈಯಿಂದ ಒಂದಿಷ್ಟೇ ಒತ್ತಿ ನೋಡಿ. ಗಾಡಿ ಒತ್ತಿದ ಕಡೆಗೇ ಜಾರಿಕೊಂಡಂತೆ ಸರಿಯುವುದು ಮೊದಲ ಬಾರಿಗೆ ಅನುಭವಕ್ಕೆ ಬಂದ ದಿನ ನಾನು ಒಬ್ಬನೇ ಹೆಲ್ಮೆಟ್ಟಿನೊಳಗೆ ನಕ್ಕಿದ್ದೆ.

ಕಣ್ಣಿನ ವಿಷಯ ನನಗೆ ಬಿದ್ದು ತಿಳಿಯಿತು. ಕಲಿತ ಐದನೆಯ ವರ್ಷ, ಒಂದು ಸಾಧಾರಣ ತಿರುವಿನ ಹೊರಬದಿಯಲ್ಲಿ ಸುಣ್ಣ ಬಳಿದ ಕಲ್ಲೊಂದಿತ್ತು. ಅದಕ್ಕೆ ಎಲ್ಲಿ ತಾಗುತ್ತದೋ ಎಂಬ ಹೆದರಿಕೆಯಲ್ಲಿ ಅದನ್ನೇ ನೋಡುತ್ತ ಹೋದೆ, ಗಾಡಿಯೂ ನನ್ನನ್ನು ನೇರವಾಗಿ ಅಲ್ಲಿಗೇ ಕೊಂಡೊಯ್ದಿತು. ಮಣಿಕಟ್ಟು ಉಳುಕಿತು, ಗಾಡಿಯ ಮುಂಭಾಗ ಸೊಟ್ಟಗಾಯಿತು. ನೋಟ ಎಲ್ಲಿ ನೆಡುತ್ತದೋ ಅಲ್ಲಿಗೆ ಗಾಡಿ ಹೋಗುತ್ತದೆ ಎಂಬುದು ಸವಾರಿ ಕಲಿಸುವವರೆಲ್ಲ ಹೇಳುವ ಮಾತು. ನಾನೂ ಅದನ್ನು ಕೇಳಿಸಿಕೊಂಡಿದ್ದೆ, ಅಷ್ಟೇ. ಆರು ವಾರ ಗಾಡಿ ಮುಟ್ಟಲಿಲ್ಲ. ಮತ್ತೆ ಹೊರಡುವ ಮೊದಲು ಆ ತಿರುವಿಗೆ ನಡೆದುಕೊಂಡು ಹೋದೆ, ರಸ್ತೆಯ ಅಂಚಿನಲ್ಲಿ ನಿಂತು ಯಾವ ಜಾಗದಲ್ಲಿ ವೇಗ ತಗ್ಗಿಸಬೇಕಿತ್ತು, ಯಾವ ಜಾಗದಿಂದ ತಿರುವಿನ ಆಚೆ ತುದಿ ಕಣ್ಣಿಗೆ ಬೀಳುತ್ತದೆ ಎಂದು ನೋಡಿಕೊಂಡೆ, ಆಮೇಲೆ ಗಾಡಿ ತಂದು ಗಂಟೆಗೆ 20 ಕಿಲೋಮೀಟರ್ ವೇಗದಲ್ಲಿ ಹತ್ತು ಬಾರಿ ಹಾದುಹೋದೆ. ಬಿದ್ದವರಿಗೆ ನಾನು ಹೇಳುವುದು ಇದನ್ನೇ. ಧೈರ್ಯ ತಂದುಕೊಳ್ಳಿ ಎಂಬ ಉಪದೇಶದಿಂದ ಯಾರ ಭಯವೂ ಹೋಗುವುದಿಲ್ಲ, ಎಲ್ಲಿ ತಪ್ಪಿದೆ ಎಂದು ಅಡಿ ಅಡಿಯಾಗಿ ಗೊತ್ತಾದರೆ ಭಯ ತನ್ನ ಅಳತೆಗೆ ಇಳಿಯುತ್ತದೆ.

ಬ್ರೇಕಿನ ಅಭ್ಯಾಸವನ್ನೂ ಇದೇ ಖಾಲಿ ಜಾಗದಲ್ಲಿ ಮಾಡಬೇಕು. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಿನ ಚಕ್ರಕ್ಕೆ ಸರಿಯುವುದರಿಂದ ನಿಲ್ಲಿಸುವ ಬಲದ ಹೆಚ್ಚಿನ ಪಾಲು ಅಲ್ಲಿಯೇ ಸಿಗುತ್ತದೆ. ಆದ್ದರಿಂದ ಮುಂದಿನ ಬ್ರೇಕಿಗೆ ಹೆದರಬಾರದು, ಆದರೆ ಅದನ್ನು ಥಟ್ಟನೆ ಸೆಳೆಯಲೂ ಬಾರದು. ಒದ್ದೆ ಬಟ್ಟೆ ಹಿಂಡುವಾಗ ಕೈ ಬಿಗಿಯಾಗುತ್ತ ಹೋಗುವಂತೆ ಬಿಗಿಯಾಗುತ್ತ ಹೋಗಬೇಕು. ಒಣಗಿದ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿಯಬಲ್ಲ ಸವಾರ ಗಂಟೆಗೆ 50 ಕಿಲೋಮೀಟರ್ ವೇಗದಿಂದ ನಿಲ್ಲಲು ಬ್ರೇಕ್ ಹಿಡಿದ ಮೇಲೆ ಸುಮಾರು 14 ಮೀಟರ್ ಬೇಕು, 100 ಕಿಲೋಮೀಟರ್ ವೇಗದಲ್ಲಿ ಅದು 28 ಆಗುವುದಿಲ್ಲ, 55 ಮೀಟರಿಗೆ ಹತ್ತಿರವಾಗುತ್ತದೆ. ಅಪಾಯ ಕಂಡು ಕೈ ಚಲಿಸುವ ಒಂದು ಸೆಕೆಂಡಿನಲ್ಲಿ ಸಾಗುವ 28 ಮೀಟರನ್ನು ಇದಕ್ಕೆ ಸೇರಿಸಿಕೊಳ್ಳಬೇಕು. ವೇಗದ ಬಗ್ಗೆ ಯಾರೂ ನನಗೆ ನೀತಿ ಹೇಳಬೇಕಾಗಲಿಲ್ಲ, ಈ ಲೆಕ್ಕವನ್ನು ಒಮ್ಮೆ ಟೇಪ್ ಹಿಡಿದು ನೆಲದ ಮೇಲೆ ಅಳೆದು ನೋಡಿದ್ದೇ ಸಾಕಾಯಿತು.

ಕೈಗೆ ಮಸಿ ಹತ್ತಲಿ

ಗಾಡಿಯ ಎಲ್ಲ ರಿಪೇರಿಯನ್ನೂ ತಾವೇ ಮಾಡಬೇಕೆಂಬ ಹಟ ಬೇಡ. ಎಂಜಿನ್ ಬಿಚ್ಚುವುದು ನನಗೂ ಬರುವುದಿಲ್ಲ. ಆದರೆ ಚೈನ್, ಟೈರಿನ ಗಾಳಿ, ಬ್ರೇಕ್ ಪ್ಯಾಡ್, ಎಂಜಿನ್ ಆಯಿಲ್, ಕ್ಲಚ್ ಕೇಬಲ್ ಇಷ್ಟನ್ನಾದರೂ ಕಣ್ಣು ಮತ್ತು ಕೈ ಬಲ್ಲವಾಗಿರಬೇಕು. ಇವುಗಳಲ್ಲಿ ಚೈನಿನಿಂದ ಆರಂಭಿಸುವುದು ಒಳ್ಳೆಯದು, ಏಕೆಂದರೆ ಅದು ಹೊರಗೇ ಇದೆ ಮತ್ತು ಮಾತಾಡುತ್ತದೆ.

ಐನೂರು ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ಓಡಿಸಿದ್ದರೆ ಅದಕ್ಕೂ ಮೊದಲೇ, ಗಾಡಿಯನ್ನು ಸೆಂಟರ್ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ ನ್ಯೂಟ್ರಲ್ ಮಾಡಿ. ಎಂಜಿನ್ ಕಡ್ಡಾಯವಾಗಿ ಆಫ್ ಆಗಿರಬೇಕು, ಚಕ್ರವನ್ನು ಕೈಯಿಂದಲೇ ತಿರುಗಿಸಬೇಕು. ಎಂಜಿನ್ ಚಾಲೂ ಇಟ್ಟು ಗೇರಿನಲ್ಲಿ ಚೈನ್ ಒರೆಸಲು ಹೋದರೆ ಬಟ್ಟೆಯ ಜೊತೆ ಬೆರಳೂ ಸ್ಪ್ರಾಕೆಟ್ಟಿನೊಳಗೆ, ಎಂದರೆ ಚೈನ್ ಕೂರುವ ಹಲ್ಲುಚಕ್ರದೊಳಗೆ, ಹೋಗುತ್ತದೆ. ಸೀಮೆಎಣ್ಣೆಯಲ್ಲಿ ಅದ್ದಿದ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಕೊಂಡಿ ಕೊಂಡಿಯನ್ನೂ ಉಜ್ಜಿದರೆ ಕಪ್ಪು ಮಡ್ಡಿ ಬಿಟ್ಟುಕೊಂಡು ಕೆಳಗೆ ಇಳಿಯುತ್ತದೆ, ಒಣಬಟ್ಟೆಯಲ್ಲಿ ಒರೆಸಿದ ಮೇಲೆ ಲೋಹದ ಬಣ್ಣ ಕಾಣುತ್ತದೆ. ಈಗ ಕೆಳಗಿನ ಎಳೆಯ ನಟ್ಟನಡುವೆ ಬೆರಳಿಟ್ಟು ಮೇಲಕ್ಕೂ ಕೆಳಕ್ಕೂ ಆಡಿಸಿ. ಬಹಳಷ್ಟು ಗಾಡಿಗಳಲ್ಲಿ ಇದು 20ರಿಂದ 30 ಮಿಲಿಮೀಟರಿನಷ್ಟು ಆಡಬೇಕು, ನಿಮ್ಮ ಗಾಡಿಯ ಕೈಪಿಡಿಯಲ್ಲಿ ಬೇರೆ ಅಳತೆಯಿದ್ದರೆ ಅದೇ ಅಂತಿಮ. ಚಕ್ರವನ್ನು ತಿರುಗಿಸುತ್ತ ನಾಲ್ಕಾರು ಕಡೆ ಹೀಗೆ ನೋಡಿ, ಒಂದು ಕಡೆ ಬಿಗಿ ಇನ್ನೊಂದು ಕಡೆ ಸಡಿಲ ಇದ್ದರೆ ಚೈನ್ ಒಂದೇ ಸಮನಾಗಿ ಸವೆದಿಲ್ಲ ಎಂದು ಅರ್ಥ. ಕೊನೆಗೆ ಒಳಬದಿಗೆ ಎಣ್ಣೆ ಬಿಟ್ಟು ಚಕ್ರವನ್ನು ಕೆಲವು ಸುತ್ತು ತಿರುಗಿಸಿದರೆ, ಮೊದಲು ಕಿರಗುಟ್ಟುತ್ತಿದ್ದ ಸದ್ದು ಸರಸರ ಎಂಬ ಹಗುರ ಸದ್ದಿಗೆ ಬದಲಾಗುತ್ತದೆ.

ಒಮ್ಮೆ ಸರ್ವಿಸ್ ಮಾಡಿಸಿ ತಂದ ಗಾಡಿ ಹಿಂದಿನ ಚಕ್ರದ ಕಡೆ ಮರದ ಹಲಗೆಯಂತೆ ಬಿರುಸಾಗಿತ್ತು. ಶಾಕ್ ಅಬ್ಸಾರ್ಬರ್ ಹೋಗಿದೆ, ಬದಲಿಸಬೇಕು ಎಂದರು ಸರ್ವಿಸ್ ಮಾಡಿದವರು. ಮನೆಗೆ ಬಂದು ಬೆರಳಿಟ್ಟು ನೋಡಿದರೆ ಚೈನ್ ವೀಣೆಯ ತಂತಿಯಂತೆ ಬಿಗಿದಿತ್ತು. ಭಾರಕ್ಕೆ ಹಿಂದಿನ ಚಕ್ರ ಮೇಲೇಳುವಾಗ ಎರಡು ಸ್ಪ್ರಾಕೆಟ್‌ಗಳ ನಡುವಿನ ಅಂತರ ಹೆಚ್ಚುತ್ತದೆ, ಚೈನಿನಲ್ಲಿ ಸಡಿಲವಿಲ್ಲದಿದ್ದರೆ ಚಕ್ರ ಮೇಲೇಳುವುದೇ ಇಲ್ಲ. ಹತ್ತು ನಿಮಿಷದ ಕೆಲಸದಲ್ಲಿ ಅದು ಸರಿಹೋಯಿತು. ಅಂದು ಉಳಿದ ಹಣಕ್ಕಿಂತಲೂ, ಗಾಡಿಯ ಮಾತು ನನಗೆ ಅರ್ಥವಾಯಿತಲ್ಲ ಎಂಬ ಹಿಗ್ಗು ಹೆಚ್ಚು ದಿನ ಉಳಿಯಿತು.

ದಿನದ ದಾರಿ, ದೂರದ ದಾರಿ

ಒಲವು ಹೆಚ್ಚಾಗಿ ಸಾಯುವುದು ಕೆಲಸಕ್ಕೆ ಹೋಗಿ ಬರುವ ದಾರಿಯಲ್ಲಿ. ಅದೇ ರಸ್ತೆ, ಅದೇ ದಟ್ಟಣೆ, ಅದೇ ಅವಸರ. ಇದಕ್ಕೆ ನಾನು ಕಂಡುಕೊಂಡ ಉಪಾಯವೆಂದರೆ ವಾರಕ್ಕೊಂದು ಸಣ್ಣ ವಿಷಯವನ್ನು ಆರಿಸಿಕೊಂಡು ಆ ವಾರವೆಲ್ಲ ಅದನ್ನಷ್ಟೇ ತಿದ್ದಿಕೊಳ್ಳುವುದು. ಒಂದು ವಾರ ಗೇರ್ ಇಳಿಸುವಾಗ ಹಿಂದೆ ಕುಳಿತವರಿಗೆ ಗೊತ್ತಾಗದಂತೆ ಇಳಿಸುವುದು, ಇನ್ನೊಂದು ವಾರ ಕನ್ನಡಿಯಲ್ಲಿ ಕಾಣುವ ಪ್ರತಿ ವಾಹನ ಮುಂದೇನು ಮಾಡೀತು ಎಂದು ಊಹಿಸುವುದು, ಮತ್ತೊಂದು ವಾರ ಬ್ರೇಕ್ ಮುಟ್ಟಬೇಕಾದ ಸಂದರ್ಭಗಳನ್ನೇ ಕಡಿಮೆ ಮಾಡಿಕೊಳ್ಳುವುದು. ಹೀಗೆ ಮಾಡಿದರೆ ದಟ್ಟಣೆ ಕಡಿಮೆಯಾಗುವುದಿಲ್ಲ, ಆದರೆ ಮನಸ್ಸಿಗೆ ಅಲ್ಲಿ ಕೆಲಸವಿರುತ್ತದೆ.

ದೂರದ ಸವಾರಿಯನ್ನು ಸಣ್ಣದರಿಂದ ಆರಂಭಿಸಿ. ಹೋಗಿ ಬರುವುದು ಸೇರಿ 150 ಕಿಲೋಮೀಟರ್ ಮೊದಲ ಬಾರಿಗೆ ಧಾರಾಳವಾಯಿತು. ಒಂದೂವರೆ ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯಿರಿ, ನೀರು ಕುಡಿಯಿರಿ, ಕತ್ತಲಾಗುವ ಮೊದಲೇ ಮುಟ್ಟುವಂತೆ ಹೊರಡಿ. ಮಳೆ ಶುರುವಾದ ಮೊದಲ ಹಲವು ನಿಮಿಷಗಳಲ್ಲಿ ರಸ್ತೆಯ ಮೇಲಿನ ಎಣ್ಣೆ, ಧೂಳು ನೀರಿನೊಂದಿಗೆ ಸೇರಿ ಜಾರುವುದು ಹೆಚ್ಚು, ಆಗ ನಿಂತು ಕಾಯುವುದೇ ಲೇಸು. ಸುಸ್ತಿಗೆ ಹಲವರು ಗಮನಿಸದ ಕಾರಣವೊಂದಿದೆ, ಅದು ಗಾಳಿಯ ಸದ್ದು. ಗಂಟೆಗೆ 100 ಕಿಲೋಮೀಟರ್ ವೇಗದಲ್ಲಿ ಹೆಲ್ಮೆಟ್ಟಿನ ಒಳಗೆ ಅದು 100 ಡೆಸಿಬೆಲ್‌ನ ಆಸುಪಾಸಿಗೆ ಏರಬಲ್ಲದು, ವರ್ಷಗಟ್ಟಲೆ ಇದನ್ನು ಕೇಳಿದ ಕಿವಿ ಮಂದವಾಗುತ್ತದೆ. ದೂರ ಹೋಗುವಾಗ ಫೋಮಿನ ಕಿವಿಬಿರಡೆ ಹಾಕಿಕೊಂಡರೆ ಸಂಜೆಯ ತಲೆನೋವು ಅರ್ಧಕ್ಕರ್ಧ ಇಳಿಯುತ್ತದೆ. ಹೆಲ್ಮೆಟ್, ಕೈಗವಸು, ಗಟ್ಟಿ ಬೂಟು, ದಪ್ಪ ಜಾಕೆಟ್ ಬೇಕೇ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ, ಬೇಕು.

ಗುಂಪಿನಲ್ಲಿ ಹೋಗುವುದಾದರೆ ಅನುಭವ ಕಡಿಮೆಯಿರುವವರನ್ನು ಮುಂದಾಳುವಿನ ಹಿಂದೆಯೇ ಇರಿಸಿ, ಕೊನೆಯಲ್ಲಿ ಬಿಡಬೇಡಿ, ಏಕೆಂದರೆ ಬಾಲದಲ್ಲಿರುವವರು ಗುಂಪನ್ನು ಹಿಡಿಯಲು ಸದಾ ತಮ್ಮ ಶಕ್ತಿ ಮೀರಿ ಓಡಿಸಬೇಕಾಗುತ್ತದೆ. ನಿಮ್ಮನ್ನು ಕಾಯಲು ಒಲ್ಲದ ಗುಂಪನ್ನು ಬಿಟ್ಟುಬಿಡಿ. ಮನೆಯವರಿಗೆ ಎಲ್ಲಿಗೆ, ಯಾವಾಗ ವಾಪಸು ಎಂದು ಹೇಳಿ ಹೊರಡಿ, ಮುಟ್ಟಿದೊಡನೆ ತಿಳಿಸಿ. ಮನೆಯವರ ಆತಂಕಕ್ಕೆ ಬೆಲೆ ಕೊಡದೆ ತಿರುಗಾಡಿದವರು ಕೊನೆಗೆ ಜಗಳಕ್ಕೆ ಬೇಸತ್ತು ಗಾಡಿ ಮಾರಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ.

ಗಾಡಿ ಬದಲಾದಾಗ, ಬಿಡುವಾದಾಗ, ವಯಸ್ಸಾದಾಗ

ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಹ್ಯಾರಿ ಹರ್ಟ್ ಮತ್ತು ಸಂಗಡಿಗರು 900 ಬೈಕ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ಪ್ರಕಟಿಸಿದ ವರದಿಯಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ ಅಂಶವೊಂದಿದೆ. ಅಪಘಾತಕ್ಕೀಡಾದ ಸವಾರರಿಗೆ ಒಟ್ಟಾರೆಯಾಗಿ ಮೂರು ವರ್ಷಗಳ ಹತ್ತಿರದ ಅನುಭವವಿದ್ದರೂ, ಅರ್ಧಕ್ಕಿಂತ ಹೆಚ್ಚು ಮಂದಿಗೆ ಬಿದ್ದ ಆ ಗಾಡಿಯ ಮೇಲಿನ ಅನುಭವ ಐದು ತಿಂಗಳಿಗಿಂತ ಕಡಿಮೆಯಿತ್ತು. ಆದ್ದರಿಂದ ಹೊಸ ಗಾಡಿ ಬಂದಾಗಲೆಲ್ಲ, ಎಷ್ಟೇ ಹಳೆಯ ಸವಾರರಾಗಿದ್ದರೂ, ನೀರಿನ ಬಾಟಲಿಗಳ ಬಳಿಗೆ ಹಿಂದಿರುಗಬೇಕು. ಅದರ ಕ್ಲಚ್ ಎಲ್ಲಿ ಹಿಡಿಯುತ್ತದೆ, ಬ್ರೇಕ್ ಎಷ್ಟು ಚುರುಕು, ವಾಲಿದರೆ ಯಾವ ಭಾಗ ಮೊದಲು ನೆಲಕ್ಕೆ ತಾಗುತ್ತದೆ ಎಂಬುದನ್ನೆಲ್ಲ ಹೊಸದಾಗಿ ಕೇಳಿ ತಿಳಿದುಕೊಳ್ಳಬೇಕು.

ಮಗು ಹುಟ್ಟಿತು, ಕೆಲಸ ಹೆಚ್ಚಿತು, ಬೆನ್ನುನೋವು ಬಂತು, ಹೀಗೆ ನಾಲ್ಕೈದು ವರ್ಷ ಗಾಡಿ ಮುಟ್ಟದ ಕಾಲ ಎಲ್ಲರಿಗೂ ಬರುತ್ತದೆ. ಅದನ್ನು ಒಲವು ಮುಗಿದ ಗುರುತು ಎಂದು ಎಣಿಸಬೇಕಾಗಿಲ್ಲ. ಮರಳಿ ಆರಂಭಿಸುವಾಗ ನಿಂತೇ ಇದ್ದ ಗಾಡಿಯ ಟೈರಿನ ರಬ್ಬರಿನಲ್ಲಿ ಬಿರುಕಿದೆಯೇ ನೋಡಿ, ಹಳೆಯ ಪೆಟ್ರೋಲನ್ನು ಬಸಿದು ತೆಗೆಸಿ, ಬ್ಯಾಟರಿ, ಬ್ರೇಕ್ ಆಯಿಲ್ ಬದಲಿಸಿ. ಹೆಲ್ಮೆಟ್ಟಿನ ಒಳಪದರ ಪುಡಿಯಾಗುತ್ತಿದ್ದರೆ ಅದನ್ನು ಎಸೆಯಿರಿ. ಮೊದಲ ವಾರ ಖಾಲಿ ಜಾಗದ ಆಚೆ ಹೋಗಬೇಡಿ.

ಥೆರೆಸಾ ವಾಲಕ್ ಎಂಬ ಇಂಗ್ಲೆಂಡಿನ ಎಂಜಿನಿಯರ್ ಗೆಳತಿ ಫ್ಲಾರೆನ್ಸ್ ಬ್ಲೆಂಕಿರನ್ ಜೊತೆ 1934ರ ಡಿಸೆಂಬರಿನಲ್ಲಿ ಲಂಡನ್ನಿನಿಂದ ಹೊರಟು, ಸೈಡ್‌ಕಾರ್ ಕಟ್ಟಿದ 600 ಸಿಸಿ ಪ್ಯಾಂಥರ್ ಬೈಕಿನಲ್ಲಿ ಸಹಾರಾ ಮರುಭೂಮಿ ದಾಟಿ, 1935ರಲ್ಲಿ ಕೇಪ್‌ಟೌನ್ ಮುಟ್ಟಿದರು. ಮುಂದೆ ವಾಲಕ್ ಯುದ್ಧಕಾಲದಲ್ಲಿ ಸೇನೆಯ ಸಂದೇಶಗಳನ್ನು ಬೈಕಿನಲ್ಲಿ ಸಾಗಿಸಿದರು, ಆಮೇಲೆ ಅಮೆರಿಕದಲ್ಲಿ ಸವಾರಿ ಕಲಿಸುವ ಶಾಲೆ ನಡೆಸಿದರು. ಕಣ್ಣು ಮಂದವಾಯಿತೆಂದು ಅವರು ಬೈಕ್ ಬಿಟ್ಟಾಗ ವಯಸ್ಸು 88. ಇಷ್ಟು ದೀರ್ಘ ಸವಾರಿಗೆ ಗುಟ್ಟೇನಿತ್ತೋ ನಾನರಿಯೆ, ಆದರೆ ತನ್ನ ಎಂಜಿನ್ನನ್ನು ತಾನೇ ಬಲ್ಲವಳು, ಕಲಿಸುವುದರಲ್ಲಿ ಖುಷಿ ಕಂಡವಳು ಎಂಬುದು ನನ್ನ ಕಣ್ಣಿಗೆ ಬೀಳುತ್ತದೆ.

ವಯಸ್ಸಾದಂತೆ ಗಾಡಿಯೂ ಹಗುರಾಗುತ್ತ ಹೋಗಬೇಕು, ಅದರಲ್ಲಿ ನಾಚಿಕೆಯಿಲ್ಲ. ಎಪ್ಪತ್ತು ದಾಟಿದ ಮೇಲೆ ಸೋದರಮಾವ ತಮ್ಮ ಭಾರದ ಗಾಡಿಯನ್ನು ನನಗೆ ಕೊಟ್ಟು, ತಾವೊಂದು 110 ಸಿಸಿಯ ಸಣ್ಣ ಗಾಡಿ ಕೊಂಡರು. ಅದು ಬಂದ ಮೊದಲ ಭಾನುವಾರ ನಾನು ಹೋದಾಗ ಅವರು ಅಂಗಳದಲ್ಲಿ ಮಣೆ ಹಾಕಿಕೊಂಡು ಕುಳಿತು, ಕನ್ನಡಕ ಹಣೆಗೇರಿಸಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಅದರ ಹೊಸ ಚೈನನ್ನು ತಿಕ್ಕುತ್ತಿದ್ದರು. ಮಾವ, ಇನ್ನೂ ನೂರು ಕಿಲೋಮೀಟರೂ ಓಡಿಲ್ಲವಲ್ಲ, ಇಷ್ಟು ಬೇಗ ಯಾಕೆ ಎಂದೆ. ಬೆರಳಿಟ್ಟು ನೋಡು ಬಾ, ಇದರ ಸಡಿಲ ನಮ್ಮ ಹಳೆಯದರ ಹಾಗಿಲ್ಲ ಎಂದರು.